ಶಾಲು, ಹಾರ ಮತ್ತು ಹಾಲಾಡಿ

ರಾಜಕಾರಣಿ ನಿವೃತ್ತರಾದರೆ ನಮ್ಮ ಉಡುಪಿ ಕಡೆ ಸನ್ಮಾನ ಗ್ಯಾರಂಟಿ. ಶಾಲು, ಹಾರ, ಹಣ್ಣಿನ ಬುಟ್ಟಿ, ಆಮೇಲೆ ‘ಸರಳ ಸಜ್ಜನ, ಅಜಾತಶತ್ರು’ ಎನ್ನುವ ಭಾಷಣ. ಹೆಸರೊಂದು ಬದಲಿಸಿದರೆ ಅದೇ ಭಾಷಣ ಕಾಪುವಿಗೂ ಆದೀತು, ಕಾರ್ಕಳಕ್ಕೂ ಆದೀತು. ನಮ್ಮ ಆಫೀಸಲ್ಲಿ ಇದಕ್ಕೆ ಕಾಪಿ-ಪೇಸ್ಟ್ ಅಂತಾರೆ ಮಾರಾಯ್ರೇ!

ಹಾಲಾಡಿ ಶ್ರೀನಿವಾಸ ಶೆಟ್ಟರನ್ನೇ ತಗೊಳ್ಳಿ. 1999ರಿಂದ ಕುಂದಾಪುರದಲ್ಲಿ ಐದು ಚುನಾವಣೆ, ಐದೂ ಗೆಲುವು, 2013ರಲ್ಲಂತೂ ಪಕ್ಷೇತರರಾಗಿ. 2023ರಲ್ಲಿ ತಾವಾಗಿಯೇ ಸ್ಪರ್ಧೆ ಬೇಡ ಅಂದರು. ಕುರ್ಚಿ ಬಿಡದವರ ನಡುವೆ ಇದು ಸಣ್ಣ ಮಾತಲ್ಲ. ಆದರೆ ‘ಕುಂದಾಪುರದ ವಾಜಪೇಯಿ’ ಅಂದುಬಿಟ್ಟರೆ ಮುಗೀತಾ? ಸರಳವಾಗಿರೋದು ಒಳ್ಳೇದೇ, ಜನ ಕಳಿಸಿದ್ದು ಕೆಲಸಕ್ಕೆ.

ಡಾ. ವಿ.ಎಸ್. ಆಚಾರ್ಯರನ್ನು ನೆನೆಯುವವರು 1968ರಲ್ಲಿ ಉಡುಪಿ ಪುರಸಭೆ ಅಧ್ಯಕ್ಷರಾದದ್ದು, ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಿದ್ದು ಹೇಳುತ್ತಾರೆ. ಅವರ ಪಕ್ಷ ಒಪ್ಪದವರೂ ಇದನ್ನು ಅಲ್ಲಗಳೆಯಲಾರರು. ಹೊಗಳಿಕೆಗೆ ಅಂಥ ಹಿಡಿಕೆ ಬೇಕು.

ಹಾಲಾಡಿಯವರ ಲೆಕ್ಕದಲ್ಲೂ ಅಂಥದ್ದು ಇದ್ದೀತು. ಸುಮ್ಮನೆ ಐದು ಸಲ ಯಾರೂ ಗೆಲ್ಲಿಸೋದಿಲ್ಲ. ಅಭಿನಂದನೆ ಬರೆಯುವವರು ವಾರಾಹಿ ಕಾಲುವೆಯಿಂದಲೇ ಶುರು ಮಾಡಲಿ: ನೀರು ಎಷ್ಟು ಗದ್ದೆಗೆ ಬಂತು, ಎಷ್ಟಕ್ಕೆ ಬರಲಿಲ್ಲ, ಅದಕ್ಕಾಗಿ ಶೆಟ್ಟರು ಸದನದಲ್ಲಿ ಏನೇನು ಕೇಳಿದರು.