ಹ್ಯಾರಿಯ ರಿವಾಲ್ವರ್, ನನ್ನ ಮುಚ್ಚಿದ ಕಣ್ಣು

ಹಾಸ್ಟೆಲ್ ದಿನಗಳಲ್ಲಿ ‘ಡರ್ಟಿ ಹ್ಯಾರಿ’ಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 1971ರ ಸಿನಿಮಾ, ನಿರ್ದೇಶಕ ಡಾನ್ ಸೀಗಲ್. ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿದ್ದ ಉದ್ದ ನಳಿಗೆಯ .44 ಮ್ಯಾಗ್ನಮ್ ರಿವಾಲ್ವರೇ ನಮಗೆ ನಿಜವಾದ ಹೀರೋ. ಮೊನ್ನೆ ಮತ್ತೆ ನೋಡಿದೆ. ಸಿನಿಮಾ ಈಗಲೂ ಬಿಗಿಯಾಗಿದೆ. ಆದರೆ ಆ ರಿವಾಲ್ವರ್ ಬಗ್ಗೆ ಅದು ಹೇಳೋದು ಅರ್ಧ ಸತ್ಯ.

ಇದು ಗೊತ್ತಾಗಿದ್ದು ಟೆಕ್ಸಾಸ್‌ನಲ್ಲಿ. ಆನ್‌ಸೈಟ್ ಹೋಗಿದ್ದಾಗ ಜಿಂಕೆ ಬೇಟೆಯಾಡುವ ಸಹೋದ್ಯೋಗಿಯೊಬ್ಬ ಶೂಟಿಂಗ್ ರೇಂಜ್‌ಗೆ ಕರ್ಕೊಂಡು ಹೋದ. “ಯಾವುದು ಬೇಕು?” ಅಂದ. ಯೋಚನೆಯೇ ಮಾಡದೆ .44 ಅಂದೆ. ಮೊದಲ ಗುಂಡಿಗೇ ನಳಿಗೆ ಆಕಾಶ ನೋಡಿತು. ಎರಡನೆಯದಕ್ಕೆ ಟ್ರಿಗರ್ ಎಳೆಯುವ ಮೊದಲೇ ನನ್ನ ಕಣ್ಣು ಮುಚ್ಚಿಕೊಂಡಿತು. ಆರರಲ್ಲಿ ಕಾಗದಕ್ಕೆ ತಾಗಿದ್ದು ಎರಡು. ಅವನು ನಗಲಿಲ್ಲ. “ಕಾಗದ, ಪರವಾಗಿಲ್ಲ. ಜಿಂಕೆಯಾಗಿದ್ರೆ ಹೊಟ್ಟೆಗೆ ಗುಂಡು ತಿಂದು ಓಡಿಹೋಗಿ ರಾತ್ರಿಯೆಲ್ಲ ನರಳ್ತಿತ್ತು.”

ಆಮೇಲೆ .357 ಮ್ಯಾಗ್ನಮ್ ಕೊಟ್ಟ, ಒಳಗೆ .38 ಸ್ಪೆಷಲ್ ತೋಟೆ ಹಾಕಿ. ಎರಡರ ಗುಂಡಿನ ಅಡ್ಡಳತೆ ಒಂದೇ. ಮ್ಯಾಗ್ನಮ್ ತೋಟೆ ಮೂರು ಮಿಲಿಮೀಟರ್‌ಗಿಂತ ತುಸು ಹೆಚ್ಚು ಉದ್ದ, ಮದ್ದಿನ ಒತ್ತಡ ಬಹಳ ಜಾಸ್ತಿ. ಹಾಗಾಗಿ .357ರಲ್ಲಿ .38 ಹಾರಿಸಬಹುದು, .38ರಲ್ಲಿ .357 ಕೂರಲ್ಲ. .44 ಮ್ಯಾಗ್ನಮ್‌ಗೂ .44 ಸ್ಪೆಷಲ್‌ಗೂ ಇದೇ ನಂಟು. ಬರೀ ಗುರಿಯಾಟ ಸಾಕು ಅನ್ನೋರಿಗೆ .22 ಇದೆ: ತೋಟೆ ಅಗ್ಗ, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಆ .38ರಲ್ಲಿ ನನ್ನ ಆರಕ್ಕೆ ಐದು ಬಿದ್ದವು.

ಗೆಳೆಯ ಬೇಟೆಗೆ ಒಯ್ಯೋದು .44 ಮ್ಯಾಗ್ನಮ್ಮೇ. ಆದರೆ ವರ್ಷವಿಡೀ ಅಭ್ಯಾಸ ಸ್ಪೆಷಲ್‌ನಲ್ಲಿ, ಸೀಸನ್ ಹತ್ತಿರ ಬಂದಾಗ ಮಾತ್ರ ಮ್ಯಾಗ್ನಮ್. ಜಿಂಕೆ 50 ಗಜಕ್ಕಿಂತ ದೂರವಿದ್ದರೆ ಟ್ರಿಗರ್ ಮುಟ್ಟಲ್ಲ.

ಅಷ್ಟಕ್ಕೂ .44 ಮ್ಯಾಗ್ನಮ್ ಹಿಂದಿರೋದು ಬೇಟೆಗಾರರೇ. ಐಡಾಹೊದ ರ‍್ಯಾಂಚರ್, ಬರಹಗಾರ ಎಲ್ಮರ್ ಕೀತ್ ವರ್ಷಗಟ್ಟಲೆ .44 ಸ್ಪೆಷಲ್‌ಗೆ ಹೆಚ್ಚು ಮದ್ದು ತುಂಬಿ ಪ್ರಯೋಗ ಮಾಡಿ, ಕಂಪನಿಗಳ ಬೆನ್ನುಬಿದ್ದ. 1950ರ ದಶಕದ ನಡುವೆ ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ತಂದಿತು, ರೆಮಿಂಗ್ಟನ್ ತೋಟೆ ತಂದಿತು. ಕಾಡಿನ ಈ ಆಯುಧವನ್ನು ಸೀಗಲ್ ಸ್ಯಾನ್ ಫ್ರಾನ್ಸಿಸ್ಕೊ ಬೀದಿಗೆ ಇಳಿಸಿದರು. ಹಾಟ್‌ಡಾಗ್ ಜಗಿಯುತ್ತಲೇ ಹ್ಯಾರಿ ಗುಂಡು ಹಾರಿಸೋ ದೃಶ್ಯ ಮಜವಾಗಿದೆ. ಆ ನಿರಾಳತೆಗೆ ಎಷ್ಟು ಅಭ್ಯಾಸ ಬೇಕು ಅನ್ನೋದನ್ನು ಮಾತ್ರ ಅದು ಹಾಟ್‌ಡಾಗ್ ಜೊತೆಗೇ ನುಂಗಿಬಿಡುತ್ತೆ.

ತಮಾಷೆ ಅಂದ್ರೆ, 1973ರ ‘ಮ್ಯಾಗ್ನಮ್ ಫೋರ್ಸ್’ನಲ್ಲಿ ಹ್ಯಾರಿಯೇ ಒಪ್ಕೋತಾನೆ: ತಾನು ಹಾಕೋದು ಹಗುರವಾದ ಸ್ಪೆಷಲ್ ತೋಟೆ, ಹತೋಟಿ ಚೆನ್ನಾಗಿರುತ್ತೆ ಅಂತ. ಮೊದಲ ಸಿನಿಮಾದ ಜಂಬದ ಮಾತು ಟೀ-ಶರ್ಟ್ ಏರಿತು. ಈ ಮಾತು ಏರಿದ್ದನ್ನು ನಾನಂತೂ ನೋಡಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಪರಾಧ, ಸರಿಯೇ. ನನಗೆ ಉಳಿದಿರೋದು ಸಿನಿಮಾ ನೋಡೋ ಕೆಲಸ. ಈಗ ಹ್ಯಾರಿ ಗುಂಡು ಹಾರಿಸಿದಾಗಲೆಲ್ಲ ಅವನ ಕೈ ನೋಡೋದಿಲ್ಲ, ಕಣ್ಣು ನೋಡ್ತೀನಿ.