ಮರಳು ಕಾಣದ ಒಂಟೆಗಳು

ಒಂಟೆಯ ತವರು ಅರೇಬಿಯಾ ಅಲ್ಲ, ಥಾರ್ ಮರುಭೂಮಿಯೂ ಅಲ್ಲ. ಉತ್ತರ ಅಮೆರಿಕ. ಪಳೆಯುಳಿಕೆಗಳ ಗೀಳು ಹತ್ತಿಸಿಕೊಂಡವರಿಗೆ ಇದು ಹಳೆಯ ಸುದ್ದಿ. ಆದರೂ ಗತಕಾಲದ ಪ್ರಾಣಿ ಎಂದೊಡನೆ ನಮ್ಮಲ್ಲಿ ಮಾತು ಡೈನೋಸಾರ್, ಮ್ಯಾಮತ್‌ಗಳ ಸುತ್ತಲೇ ಸುಳಿಯುತ್ತದೆ. ಹಾಗಾಗಿ ಈ ವಾರದ ಅಂಕಣವನ್ನು ಒಂಟೆಯ ವಂಶಕ್ಕೆ ಮೀಸಲಿಟ್ಟಿದ್ದೇನೆ. ಈ ವಂಶ ಸುಮಾರು ನಾಲ್ಕೂವರೆ ಕೋಟಿ ವರ್ಷ ಹಳೆಯದು. ಆ ಖಂಡ ಬಿಟ್ಟು ಹೊರಗೆ ಕಾಲಿಟ್ಟಿದ್ದು ಬರೀ 70 ಲಕ್ಷ ವರ್ಷಗಳ ಈಚೆಗೆ. ಅಂದರೆ ತನ್ನ ಆಯುಸ್ಸಿನ ಆರರಲ್ಲಿ ಐದು ಪಾಲನ್ನು ಅದು ಹುಟ್ಟಿದ ನೆಲದಲ್ಲೇ ಕಳೆದಿದೆ. ಕಾಡಿನಲ್ಲಿ, ಹುಲ್ಲುಗಾವಲಿನಲ್ಲಿ, ಕಡೆಗೆ ಹಿಮದಲ್ಲಿ. ಮರುಭೂಮಿ ಅದರ ಪಾಲಿಗೆ ಇತ್ತೀಚಿನ ಸಂಗತಿ.

ಒಂಟೆಯ ಗುರುತೆಂದರೆ ಡುಬ್ಬ. ಆದರೆ ಡುಬ್ಬದಲ್ಲಿರುವುದು ಕೊಬ್ಬು, ಅದರೊಳಗೆ ಎಲುಬಿಲ್ಲ. ಕೊಬ್ಬು ಕಲ್ಲಾಗಿ ಉಳಿಯುವುದಿಲ್ಲ. ಹಾಗಾದರೆ ಮಣ್ಣಿನಿಂದ ಎದ್ದ ಮೂಳೆ ಒಂಟೆಯದೇ ಎಂದು ಹೇಗೆ ಹೇಳುವುದು? ನಾನು ಮೊದಲು ನೋಡುವುದು ಪಾದದ ಮೇಲಿನ ಉದ್ದನೆಯ ಮೂಳೆಯನ್ನು. ಹಸು, ಜಿಂಕೆಗಳಲ್ಲಿರುವ ಹಾಗೆಯೇ ಒಂಟೆಯಲ್ಲೂ ಎರಡು ಮೂಳೆ ಬೆಸೆದು ಒಂದಾಗಿರುತ್ತವೆ. ಆದರೆ ಹಸುವಿನಲ್ಲಿ ಅದರ ಕೆಳತುದಿಗಳೆರಡೂ ಒಂದರ ಪಕ್ಕ ಒಂದು ನೇರವಾಗಿ ನಿಂತರೆ, ಒಂಟೆಯಲ್ಲಿ ಅವು ಕವಲೊಡೆದು ಆಚೀಚೆ ಸರಿಯುತ್ತವೆ. ಇನ್ನೊಂದು ಗುರುತು ಕತ್ತಿನ ಮೂಳೆಗಳದು. ಮಿದುಳಿಗೆ ರಕ್ತ ಒಯ್ಯುವ ನಾಳ ಬೇರೆ ಪ್ರಾಣಿಗಳಲ್ಲಿ ಮೂಳೆಯ ಪಕ್ಕದ ರಂಧ್ರಗಳಲ್ಲಿ ಸಾಗಿದರೆ, ಒಂಟೆಯ ಕತ್ತಿನಲ್ಲಿ ಬೆನ್ನುಹುರಿಯ ಕೊಳವೆಯ ಒಳಬದಿಯಲ್ಲಿ ಸಾಗುತ್ತದೆ.

ಈ ಎರಡನೆಯ ಗುರುತು ಅಂಗರಚನಾ ತಜ್ಞ ರಿಚರ್ಡ್ ಓವನ್‌ನಂಥ ಘಟಾನುಘಟಿಯನ್ನೇ ದಾರಿ ತಪ್ಪಿಸಿತ್ತು. 1834ರಲ್ಲಿ ಚಾರ್ಲ್ಸ್ ಡಾರ್ವಿನ್ ಪ್ಯಾಟಗೋನಿಯಾದ ಸೇಂಟ್ ಜೂಲಿಯನ್ ಬಂದರಿನ ಬಳಿ ಒಂದು ದೊಡ್ಡ ಪ್ರಾಣಿಯ ಮೂಳೆಗಳನ್ನು ಹೆಕ್ಕಿದ. ಕತ್ತಿನ ಮೂಳೆ ಪರೀಕ್ಷಿಸಿದ ಓವನ್ ಅದಕ್ಕೆ ಒಂಟೆ, ಲಾಮಾಗಳ ನೆಂಟಸ್ತಿಕೆ ಕಟ್ಟಿ, 1838ರಲ್ಲಿ ಮ್ಯಾಕ್ರಾಕೇನಿಯಾ ಎಂದು ಹೆಸರಿಟ್ಟ. ಅದು ಒಂಟೆಯ ಕುಲಕ್ಕೆ ಸೇರಿದ್ದೇ ಅಲ್ಲ. ಅದರ ನೆಂಟರು ಕುದುರೆ, ಘೇಂಡಾಮೃಗಗಳ ಗುಂಪು ಎಂಬುದು ಪ್ರೋಟೀನ್ ಮತ್ತು ಡಿಎನ್‌ಎ ಪರೀಕ್ಷೆಗಳಿಂದ 2015ರ ಈಚೆಗೆ ಖಚಿತವಾಯಿತು. ಒಂದೇ ಲಕ್ಷಣ ಎರಡು ಕುಲಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಬಹುದು. ಹಾಗಾಗಿ ಎರಡು ಗುರುತು ಕೂಡಿ ಬರುವವರೆಗೂ ಮೂಳೆಗೆ ಹೆಸರಿಡಬಾರದು.

ವಂಶದ ಬುಡದಲ್ಲಿ ಪ್ರೊಟೈಲೋಪಸ್ ಎಂಬ ಮೊಲದ ಗಾತ್ರದ ಪ್ರಾಣಿಯನ್ನು ನಿಲ್ಲಿಸುವುದು ಪುಸ್ತಕಗಳ ವಾಡಿಕೆ. ಈಗಿನ ತಜ್ಞರು ಅದನ್ನು ದಾಯಾದಿಗಳ ಸಾಲಿಗೆ ಸರಿಸಿ, ಯೂಟಾದಲ್ಲಿ ಸಿಕ್ಕ ಪೊಯೆಬ್ರೊಡಾನ್‌ಗೆ ಆ ಪಟ್ಟ ಕೊಡುತ್ತಾರೆ. ಅದರದ್ದು ಸಿಕ್ಕಿರುವುದು ಹೆಚ್ಚಾಗಿ ಹಲ್ಲುಗಳೇ. ಇಡೀ ಮೈ ಕಣ್ಣಿಗೆ ಕಟ್ಟುವಂತೆ ಸಿಗುವ ಮೊದಲ ಒಂಟೆ ಪೊಯೆಬ್ರೊಥೀರಿಯಂ. ದಕ್ಷಿಣ ಡಕೋಟಾ, ನೆಬ್ರಾಸ್ಕಾಗಳ ಬರಡು ದಿಬ್ಬಗಳಲ್ಲಿ, ಸುಮಾರು ಮೂರೂವರೆ ಕೋಟಿ ವರ್ಷ ಹಳೆಯ ಪದರಗಳಲ್ಲಿ ಅದರ ಮೂಳೆಗಳಿವೆ. ಎತ್ತರ ಕುರಿಯಷ್ಟು, ಪಾದಕ್ಕೆ ಎರಡೇ ಬೆರಳು. ಕಾಲಿನ ಆ ಜೋಡಿ ಮೂಳೆಗಳು ಇನ್ನೂ ಬೆಸೆದಿಲ್ಲ. ಬೆರಳ ತುದಿಯಲ್ಲಿ ಜಿಂಕೆಯಂತೆ ಗೊರಸು. ತುಪ್ಪಳದ ವ್ಯಾಪಾರಿಗಳ ಕೈಯಿಂದ ಫಿಲಡೆಲ್ಫಿಯಾ ತಲುಪಿದ ಅದರ ತಲೆಯ ತುಣುಕನ್ನು ಪಳೆಯುಳಿಕೆ ತಜ್ಞ ಜೋಸೆಫ್ ಲೀಡಿ 1847ರಲ್ಲಿ ವಿವರಿಸಿದ. ಆ ಬರಡು ನೆಲದ ಸಸ್ತನಿಗಳಲ್ಲಿ ವಿಜ್ಞಾನದ ದಾಖಲೆಗೆ ಮೊದಮೊದಲು ಬಂದವುಗಳಲ್ಲಿ ಇದೂ ಒಂದು.

ನನಗೆ ಇಡೀ ವಂಶದಲ್ಲಿ ಅತಿ ಪ್ರಿಯವಾದದ್ದು ಸ್ಟೆನೋಮೈಲಸ್. ಎತ್ತರ ಎರಡಡಿಯ ಆಸುಪಾಸು, ಕಡ್ಡಿಯಂಥ ಕಾಲು, ನೀಳ ಕತ್ತು. ಚಿತ್ರ ನೋಡಿದವರು ಚಿಗರೆಯೆಂದೇ ಅನ್ನುತ್ತಾರೆ. ಎರಡು ಕೋಟಿಗೂ ಹೆಚ್ಚು ವರ್ಷಗಳ ಹಿಂದಿನ ಜೀವ. ನೆಬ್ರಾಸ್ಕಾದ ಅಗೇಟ್ ಎಂಬಲ್ಲಿನ ಒಂದು ಗುಡ್ಡದಲ್ಲಿ, ಕಳೆದ ಶತಮಾನದ ಮೊದಲ ದಶಕದಲ್ಲಿ, ಆಮ್ಹರ್ಸ್ಟ್ ಕಾಲೇಜಿನ ಫ್ರೆಡರಿಕ್ ಲೂಮಿಸ್ ಇವುಗಳ ಒಂದು ಹಿಂಡನ್ನೇ ಕಂಡುಹಿಡಿದ. ಬಿಡಿ ಮೂಳೆಗಳಲ್ಲ, ಕೀಲು ಕಳಚದ ಪೂರ್ತಿ ಅಸ್ಥಿಪಂಜರಗಳು. ಎಷ್ಟೋ ಪಂಜರಗಳಲ್ಲಿ ಕತ್ತು ಹಿಂದಕ್ಕೆ ಬಾಗಿ ತಲೆ ಬೆನ್ನಿನ ಕಡೆ ಹೊರಳಿದೆ. ಮಾಂಸಾಹಾರಿ ಪ್ರಾಣಿಗಳ ಬಾಯಿಗೆ ಬೀಳುವ ಮೊದಲೇ ಮಣ್ಣು ಮುಚ್ಚದಿದ್ದರೆ ಹೀಗೆ ಉಳಿಯುವುದಿಲ್ಲ. ಸಾಮಾನ್ಯವಾಗಿ ಒಂದು ಪ್ರಾಣಿಯ ಪರಿಚಯ ಅರ್ಧ ದವಡೆಯಿಂದಲೋ ಒಂದು ಹಿಮ್ಮಡಿಯ ಮೂಳೆಯಿಂದಲೋ ಆಗುತ್ತದೆ. ಇಲ್ಲಿ ಮರಿ, ಹರೆಯದ್ದು, ಮುದಿ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಹಲ್ಲು ಹೇಗೆ ಸವೆಯಿತು, ಕಾಲು ಹೇಗೆ ಬೆಳೆಯಿತು ಎಂದು ಊಹಿಸುವ ಅಗತ್ಯವೇ ಇಲ್ಲ, ಅಳೆಯಬಹುದು. ಪಳೆಯುಳಿಕೆ ಪ್ರಿಯರಿಗೆ ಇದಕ್ಕಿಂತ ದೊಡ್ಡ ಸಂಪತ್ತು ಬೇರೆ ಇಲ್ಲ. ಆ ಜಾಗವನ್ನು ರಾಷ್ಟ್ರೀಯ ಸ್ಮಾರಕವಾಗಿ ಕಾಪಾಡುತ್ತಿದ್ದಾರೆ.

ಮುಂದಿನ ಕಾಲ ಒಂಟೆಗಳ ಸುಗ್ಗಿ. ಜಿರಾಫೆಯ ಹಾಗೆ ಮರದ ಮೇಲಿನ ಎಲೆ ಮೇಯಲು ಕತ್ತು, ಕಾಲು ಚಾಚಿದ ಎಪಿಕ್ಯಾಮೆಲಸ್‌ನ ತಲೆ ನೆಲದಿಂದ ಹತ್ತಡಿ ಎತ್ತರದಲ್ಲಿತ್ತು. ಫ್ಲಾರಿಡಾ, ಪನಾಮಾಗಳ ಕಡೆ ಮೂತಿ ನೀಳವಾಗಿ ಮುಂಚಾಚಿದ ಒಂಟೆಗಳಿದ್ದವು. ಇದೇ ಕಾಲಕ್ಕೆ ಗೊರಸು ಹಿಂದೆ ಸರಿದು ಪಾದಕ್ಕೆ ಅಗಲವಾದ ಮೆತ್ತೆ ಬಂತು. ಒಂದೇ ಮಗ್ಗುಲಿನ ಮುಂಗಾಲು, ಹಿಂಗಾಲನ್ನು ಒಟ್ಟಿಗೆ ಎತ್ತಿಡುವ ನಡಿಗೆಯೂ ಬಂತು. ನೀಳ ಕಾಲಿನ ಪ್ರಾಣಿಗೆ ಈ ನಡಿಗೆಯಲ್ಲಿ ಹಿಂದಿನ ಪಾದ ಮುಂದಿನದಕ್ಕೆ ತೊಡರುವುದಿಲ್ಲ, ಹೆಜ್ಜೆಯೂ ಉದ್ದವಾಗುತ್ತದೆ. ಕ್ಯಾಲಿಫೋರ್ನಿಯಾದ ಬಾರ್‌ಸ್ಟೋ ಬಳಿಯ ಕಲ್ಲುಗಳಲ್ಲಿ ಆ ಕಾಲದ ಒಂಟೆಗಳ ಹೆಜ್ಜೆಗುರುತುಗಳು ಇಂದಿಗೂ ಇವೆ. ಮೆತ್ತೆ ಹುಟ್ಟಿದ್ದು ಮರಳಿಗಾಗಿ ಅಲ್ಲ, ಬಯಲ ಹುಲ್ಲುಗಾವಲಿನಲ್ಲಿ ದಿನವಿಡೀ ನಡೆಯುವುದಕ್ಕೆ.

ಡುಬ್ಬದ ವಿಷಯಕ್ಕೆ ಬರೋಣ. ಕೆನಡಾದ ಉತ್ತರದ ತುತ್ತತುದಿಯಲ್ಲಿ ಎಲ್ಸ್‌ಮಿಯರ್ ದ್ವೀಪವಿದೆ. ಅಲ್ಲಿನ ಒಂದು ಇಳಿಜಾರಿನಲ್ಲಿ 2006ರಲ್ಲಿ ಪಳೆಯುಳಿಕೆ ತಜ್ಞೆ ನಟಾಲಿಯಾ ರಿಬ್‌ಚಿನ್‌ಸ್ಕಿ ಕೈಗೆ ಒಂದು ಚೂರು ಸಿಕ್ಕಿತು. ಮೊದಲ ನೋಟಕ್ಕೆ ಅವರು ಅದನ್ನು ಮರದ ತುಂಡೆಂದುಕೊಂಡರು. 2008 ಮತ್ತು 2010ರಲ್ಲಿ ಮತ್ತೆ ಹೋಗಿ ಒಟ್ಟು ಸುಮಾರು 30 ಚೂರು ಕೂಡಿಸಿದರು. ಎಲ್ಲವೂ ಮೊಳಕಾಲ ಕೆಳಗಿನ ಒಂದೇ ಮೂಳೆಯವು. ವಯಸ್ಸು ಸುಮಾರು 35 ಲಕ್ಷ ವರ್ಷ. ಇಷ್ಟು ಚೂರಿನಿಂದ ಆಕಾರ ನೋಡಿ ಕುಲ ಹೇಳುವುದು ಆಗದ ಮಾತು. ಆದರೆ ಆ ನೆಲದ ಚಳಿ ಮೂಳೆಯೊಳಗಿನ ಕೊಲಾಜನ್ ಪ್ರೋಟೀನನ್ನು ಕೆಡದಂತೆ ಕಾದಿತ್ತು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮೈಕ್ ಬಕ್ಲಿ ಅದನ್ನು ಬೇರ್ಪಡಿಸಿ 37 ಸಸ್ತನಿಗಳ ಕೊಲಾಜನ್ ಜೊತೆ ಹೋಲಿಸಿ ನೋಡಿದರು. ತಾಳೆಯಾಗಿದ್ದು ಒಂಟೆಯ ಜೊತೆ. ಮೂಳೆಯ ಅಳತೆ ಇಂದಿನ ಒಂಟೆಯದಕ್ಕಿಂತ ಶೇ 30ರಷ್ಟು ದೊಡ್ಡದು. 2013ರಲ್ಲಿ ಈ ಶೋಧ ಪ್ರಕಟವಾಯಿತು.

ಆಗ ಅಲ್ಲಿ ಇಂದಿನಷ್ಟು ಮಂಜುಗಡ್ಡೆ ಇರಲಿಲ್ಲ, ಲಾರ್ಚ್ ಮರಗಳ ಕಾಡಿತ್ತು. ಆದರೂ ಚಳಿಗಾಲ ಉದ್ದ, ಹಿಮ ದಟ್ಟ, ತಿಂಗಳುಗಟ್ಟಲೆ ಕತ್ತಲು. ಅಂಥ ಕಡೆ ಬಾಳಿದ ಪ್ರಾಣಿಗೆ ಅಗಲ ಪಾದ ಹಿಮದಲ್ಲಿ ಹೂತುಹೋಗದಂತೆ ನೆರವಾಗುತ್ತದೆ, ದೊಡ್ಡ ಕಣ್ಣು ಮಬ್ಬು ಬೆಳಕಿನಲ್ಲಿ ದಾರಿ ತೋರುತ್ತದೆ, ಬೆನ್ನಿನ ಕೊಬ್ಬು ಮೇವಿಲ್ಲದ ಚಳಿಗಾಲವನ್ನು ದಾಟಿಸುತ್ತದೆ. ಒಂಟೆಯ ಡುಬ್ಬ ಮರುಭೂಮಿಯ ಬಿಸಿಲಿಗಿಂತ ಮೊದಲು ಉತ್ತರದ ಚಳಿಗೆ ಹುಟ್ಟಿರಬಹುದು ಎಂಬ ಈ ಶೋಧಕರ ವಾದವನ್ನು ನಾನು ಒಪ್ಪುತ್ತೇನೆ. ಡುಬ್ಬದ ಪಳೆಯುಳಿಕೆ ಎಂದೂ ಸಿಗಲಾರದಾದರೂ, ಒಂಟೆಯ ಮೈಯ ಇಷ್ಟೊಂದು ಸಂಗತಿಗಳನ್ನು ಒಟ್ಟಿಗೆ ವಿವರಿಸುವ ಇನ್ನೊಂದು ವಾದ ನನ್ನ ಕಣ್ಣಿಗೆ ಬಿದ್ದಿಲ್ಲ.

ತವರಿನಲ್ಲೇ ಉಳಿದವುಗಳಲ್ಲಿ ಕೊನೆಯದು ಕ್ಯಾಮೆಲಾಪ್ಸ್. ಭುಜದ ಎತ್ತರ ಏಳಡಿ. ಹಳೆಯ ಪುಸ್ತಕಗಳು ಅದನ್ನು ಲಾಮಾದ ಕಡೆಗೆ ಸೇರಿಸುತ್ತಿದ್ದವು. ಕೆನಡಾದ ಕ್ಲಾಂಡೈಕ್‌ನಲ್ಲಿ ಚಿನ್ನ ತೋಡುವವರಿಗೆ ಸಿಕ್ಕ ಮೂಳೆಗಳ ಡಿಎನ್‌ಎ ಓದಿದ ಮೇಲೆ, 2015ರಲ್ಲಿ, ಅದು ನಮ್ಮ ಒಂಟೆಗಳಿಗೇ ಹತ್ತಿರವೆಂದು ತಿಳಿಯಿತು. ಕೆನಡಾದ ಆಲ್ಬರ್ಟಾದ ವಾಲೀಸ್ ಬೀಚ್‌ನಲ್ಲಿ ಸುಮಾರು 13,300 ವರ್ಷಗಳ ಹಿಂದೆ ಬೇಟೆಗಾರರು ಕುದುರೆಗಳನ್ನೂ ಒಂದು ಒಂಟೆಯನ್ನೂ ಕಡಿದ ಕುರುಹಿದೆ. ಅದಾಗಿ ಹೆಚ್ಚು ಕಾಲ ಕಳೆಯುವ ಮೊದಲೇ ಆ ಖಂಡದಲ್ಲಿ ಒಂಟೆಯ ಕಥೆ ಮುಗಿಯಿತು. 1854ರಲ್ಲಿ ಲೀಡಿ ಕ್ಯಾಮೆಲಾಪ್ಸ್‌ಗೆ ಹೆಸರಿಟ್ಟ. ಮರುವರ್ಷವೇ ಅಮೆರಿಕದ ಕಾಂಗ್ರೆಸ್ಸು ಸೈನ್ಯದ ಸಾಗಣೆಗೆ ಒಂಟೆ ತರಿಸಲು 30,000 ಡಾಲರ್ ಮಂಜೂರು ಮಾಡಿತು. 1856ರಲ್ಲಿ ಟೆಕ್ಸಾಸ್ ತೀರದಲ್ಲಿ ಹಡಗಿನಿಂದಿಳಿದ ಒಂಟೆಗಳು ಕಾಲಿಟ್ಟದ್ದು ತಮ್ಮ ಪೂರ್ವಜರ ನೆಲಕ್ಕೆ.

ಹೊರಗೆ ಹೋದವು ಎರಡು ಕಡೆ ಹಂಚಿಹೋದವು. ದಕ್ಷಿಣಕ್ಕೆ ಇಳಿದವು ಲಾಮಾ, ವಿಕೂನ್ಯಾಗಳಾದವು. ಬೆರಿಂಗ್ ಭೂಸೇತುವೆ ದಾಟಿದ ಪ್ಯಾರಾಕ್ಯಾಮೆಲಸ್ ಏಷ್ಯಾ ಹಾದು ಸ್ಪೇನಿನವರೆಗೂ ಹೋಯಿತು. ಮಂಗೋಲಿಯಾದ ದೈತ್ಯ ಒಂಟೆ ಕ್ಯಾಮೆಲಸ್ ನೋಬ್ಲೋಕಿ ಸುಮಾರು 27,000 ವರ್ಷಗಳ ಹಿಂದಿನವರೆಗೂ ಬದುಕಿತ್ತು. ಇಂದು ಗೋಬಿ ಮತ್ತು ಲೋಪ್‌ನೂರ್ ಸೀಮೆಯಲ್ಲಿ ಉಳಿದಿರುವ ಕಾಡು ಒಂಟೆಗಳ ಸಂಖ್ಯೆ ಸಾವಿರದ ಆಸುಪಾಸು.

ಭಾರತದ ಪಾಲು ಇದರಲ್ಲಿ ಚಿಕ್ಕದಲ್ಲ. 1830ರ ದಶಕದಲ್ಲಿ ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ವೈದ್ಯ ಹ್ಯೂ ಫಾಲ್ಕನರ್ ಮತ್ತು ಕಾಲುವೆ ಎಂಜಿನಿಯರ್ ಪ್ರೋಬಿ ಕಾಟ್ಲೆ ಶಿವಾಲಿಕ್ ಬೆಟ್ಟಗಳಲ್ಲಿ ಮೂಳೆ ಹುಡುಕಿ ಅಲೆದರು. ಹೋಲಿಸಿ ನೋಡಲು ಹತ್ತಿರದಲ್ಲಿ ಮ್ಯೂಸಿಯಂ ಇರಲಿಲ್ಲ. ಸುತ್ತಮುತ್ತಲಿನ ಪ್ರಾಣಿಗಳ ಅಸ್ಥಿಪಂಜರಗಳನ್ನು ತಾವೇ ಸಿದ್ಧಪಡಿಸಿಕೊಂಡು, ಕಲ್ಲಾದ ಮೂಳೆಯ ಪಕ್ಕ ಇಟ್ಟು ನೋಡುತ್ತಿದ್ದರು. 1836ರಲ್ಲಿ ಅವರು ಹೆಸರಿಟ್ಟ ಕ್ಯಾಮೆಲಸ್ ಸಿವಾಲೆನ್ಸಿಸ್ ನಮ್ಮ ನೆಲದ ಅಳಿದ ಒಂಟೆ. ಮರುವರ್ಷ ಲಂಡನ್ನಿನ ಭೂವಿಜ್ಞಾನ ಸಂಘ ಇಬ್ಬರಿಗೂ ವೊಲಾಸ್ಟನ್ ಪದಕ ನೀಡಿತು. ಅವರು ಹೆಕ್ಕಿದ್ದರಲ್ಲಿ ಬಹುಪಾಲು ಲಂಡನ್ ಸೇರಿದೆ. ಆದರೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ಶಿವಾಲಿಕ್ ಪಳೆಯುಳಿಕೆಗಳ ಒಂದು ಗ್ಯಾಲರಿಯೇ ಇದೆ, ಹಿಮಾಚಲದ ಸಾಕೇತಿಯಲ್ಲಿ ಇದೇ ಪ್ರಾಣಿಗಳ ಪಳೆಯುಳಿಕೆ ಉದ್ಯಾನವಿದೆ. ಆ ಕಡೆ ಪ್ರವಾಸ ಹೊರಟವರು ದಯವಿಟ್ಟು ಅರ್ಧ ದಿನವನ್ನು ಇವುಗಳಿಗೆ ಮೀಸಲಿಡಿ. ಮಕ್ಕಳಿದ್ದರೆ ತಪ್ಪದೆ ಕರೆದುಕೊಂಡು ಹೋಗಿ.