ಇಲ್ಲಿ ಸಹಿ ಮಾಡವಾ, ತಂಗಿ

ಹಾವೇರಿ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆ. ಮೂರನೇ ತರಗತಿಯ ಹೊರಗಿನ ಕಟ್ಟೆಯ ಮೇಲೆ ಒಬ್ಬ ತಾಯಿ ಕೂತಿದ್ದಳು, ಮಡಿಲಲ್ಲಿ ಒಂಬತ್ತು ವರ್ಷದ ಮಗ. ಎದುರಿಗೆ ತಾಲ್ಲೂಕಿನಿಂದ ಬಂದ, ಅಂಗವಿಕಲ ಮಕ್ಕಳಿಗಾಗಿ ಊರೂರು ತಿರುಗುವ ಬಿಐಇಆರ್‌ಟಿ ಮೇಷ್ಟ್ರು. ಅವರ ಫೈಲಿನಲ್ಲಿದ್ದ ಎರಡು ಹಾಳೆಯೇ ಆ ಹುಡುಗನ ವೈಯಕ್ತಿಕ ಶಿಕ್ಷಣ ಯೋಜನೆ. ಎಲ್ಲರ ಬಾಯಲ್ಲಿ ಅದು ಐಇಪಿ. ಅಚ್ಚಾದದ್ದು ಇಂಗ್ಲಿಷಿನಲ್ಲಿ. ಮೇಷ್ಟ್ರು ಒಳ್ಳೆಯವರೇ, ಉರಿಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದಿದ್ದರು, ಇನ್ನೂ ಎರಡು ಊರು ಬಾಕಿ ಇತ್ತು. "ಇಲ್ಲಿ ಸಹಿ ಮಾಡವಾ, ತಂಗಿ" ಅಂದರು. ಆಕೆ ಮಾಡಿದಳು. ಏನು ಬರೆದಿದೆ ಎಂದು ಆಕೆ ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನಾನು ಇಣುಕಿದೆ. ಈ ವರ್ಷದ ಗುರಿ: ಒಂದರಿಂದ ಹತ್ತರವರೆಗೆ ಎಣಿಸುವುದು, ಬಣ್ಣ ಗುರುತಿಸುವುದು. ಸಂವಹನ ಕೌಶಲದ ಎದುರಿಗೆ: ಇಲ್ಲ.

ಮಗನನ್ನು ಸೊಂಟಕ್ಕೇರಿಸಿಕೊಂಡು ಹೊರಟವಳು ಗೇಟಿನ ಹತ್ತಿರ ನಿಂತು ನನಗೆ ಹೇಳಿದಳು: "ಇವಗ ಒಂದಕ್ಕ ಬಂತಂದ್ರ ತೊಡಿ ಎರಡು ಸಲ ಬಡಕೋತಾನ್ರೀ. ನಮ್ಮ ಮನ್ಯಾಗ ಸಣ್ಣ ಹುಡುಗರಿಗೂ ಗೊತ್ತೈತಿ. ಸಾಲ್ಯಾಗ ಯಾರೂ ನೋಡೂದಿಲ್ಲ. ದಿನಾ ಚಡ್ಡಿ ತೊಯ್ಸಿಕೊಂಡು ಬರ್ತಾನ."

ಇದನ್ನು ಮೇಷ್ಟ್ರಿಗೆ ಯಾಕೆ ಹೇಳಲಿಲ್ಲ ಅಂದೆ. "ಅವರು ಕೇಳಲಿಲ್ಲಲ್ರೀ."

ಪಾಲಕರು ಭಾಗವಹಿಸುವುದೇ ಇಲ್ಲ ಎಂಬುದು ನಮ್ಮ ಸಮನ್ವಯ ಶಿಕ್ಷಣದ ಸಭೆಗಳಲ್ಲಿ ತಪ್ಪದೆ ಕೇಳಿಬರುವ ದೂರು. ನಾನು ಒಪ್ಪುವುದಿಲ್ಲ. ವೈದ್ಯಕೀಯ ಮೌಲ್ಯಾಂಕನ ಶಿಬಿರಕ್ಕೆ ಮಗುವನ್ನು ಹೊತ್ತು ತರುವವಳು ಯಾರು? ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗಾಗಿ ಕೂಲಿ ಬಿಟ್ಟು ಜಿಲ್ಲಾಸ್ಪತ್ರೆಗೆ ಅಲೆಯುವವಳು ಯಾರು? ಶಾಲೆಗೆ ಕರೆತಂದು, ಮಧ್ಯಾಹ್ನ ಉಣ್ಣಿಸಿ, ಸಂಜೆ ಕರೆದೊಯ್ಯುವವಳು? ಆಕೆಗೆಂದೇ ಬೆಂಗಾವಲು ಭತ್ಯೆ ಎಂಬ ಹೆಸರೂ ಉಂಟು, ಕಾವಲಿನವಳೋ ಎಂಬಂತೆ. ಆಕೆಯ ರಟ್ಟೆ ವ್ಯವಸ್ಥೆಗೆ ಬೇಕು, ಹೊತ್ತು ಬೇಕು, ಸಹಿಯಂತೂ ಬೇಕೇ ಬೇಕು. ಒಂಬತ್ತು ವರ್ಷ ಆ ಮಗುವಿನ ಜೊತೆ ಬದುಕಿ ಆಕೆ ತಿಳಿದುಕೊಂಡದ್ದನ್ನು ಬರೆದುಕೊಳ್ಳಲು ಮಾತ್ರ ಆ ನಮೂನೆಯಲ್ಲಿ ಕಾಲಂ ಇಲ್ಲ.

ಇದಕ್ಕೆ ಮೇಷ್ಟ್ರನ್ನು ದೂರಿ ಫಲವಿಲ್ಲ, ಕಾನೂನಿನ ಮೈಕಟ್ಟೇ ಹಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಹಳ ದೊಡ್ಡ ಹೆಜ್ಜೆ, ಅದರಲ್ಲಿ ಅನುಮಾನವಿಲ್ಲ. ಹಿಂದಿನ ಕಾಯ್ದೆಯಲ್ಲಿದ್ದ 7 ಬಗೆಯ ಅಂಗವಿಕಲತೆಗಳನ್ನು ಅದು 21ಕ್ಕೆ ಏರಿಸಿತು. ಶೇ 40 ಮತ್ತು ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲೋ ತಾನು ಆರಿಸಿಕೊಂಡ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕು ಕೊಟ್ಟಿತು. ಆದರೆ ಅದರ ಶಿಕ್ಷಣದ ಅಧ್ಯಾಯವನ್ನು ಓದಿ ನೋಡಿ. ಶಾಲೆಗಳು ಏನು ಮಾಡಬೇಕು, ಸರ್ಕಾರ ಏನು ಮಾಡಬೇಕು ಎಂಬುದೆಲ್ಲ ಇದೆ. ಮಗುವಿನ ಯೋಜನೆಯನ್ನು ತಂದೆತಾಯಿಯ ಜೊತೆ ಕೂತು ಮಾಡಬೇಕು, ಅವರು ಒಪ್ಪಬೇಕು, ಒಪ್ಪದಿದ್ದರೆ ಎಲ್ಲಿ ಕೇಳಬೇಕು ಎಂಬ ಮಾತೇ ಇಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಾಲಕರನ್ನು ನೆನೆಯುತ್ತದೆ ನಿಜ, ಅದೂ ಅವರಿಗೆ ತಿಳಿವಳಿಕೆ ಕೊಡುವ ಮಾತಾಡುವಾಗ. ಅವರಿಂದ ಶಾಲೆ ತಿಳಿದುಕೊಳ್ಳುವುದು ಏನಾದರೂ ಇದ್ದೀತು ಎಂದು ನೀತಿ ಬರೆದವರಿಗೆ ಹೊಳೆದಂತಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಮಗನ ಐಇಪಿ ಸಭೆಗೆ ಮೊದಲ ಸಲ ಹೋದಾಗ ಶಾಲೆಯವರು ಕೇಳಿದ್ದೇನು ಗೊತ್ತೆ? ಕನ್ನಡದ ದುಭಾಷಿ ಬೇಕಾ ಅಂತ. ಸಾಫ್ಟ್‌ವೇರಿನವಳು, ನಕ್ಕು ಬೇಡ ಅಂದಳಂತೆ. ಅಲ್ಲಿ ಅದು ಸೌಜನ್ಯವಲ್ಲ, ಕಾನೂನು. ಇಂಗ್ಲಿಷ್ ಬಾರದ ಪಾಲಕರಿಗೆ ಸಭೆಯಲ್ಲಿ ನಡೆಯುವುದು ಅರ್ಥವಾಗುವಂತೆ ನೋಡಿಕೊಳ್ಳುವುದು ಶಾಲೆಯ ಹೊಣೆ. ಅಮೆರಿಕದ 1975ರ ಕಾಯ್ದೆಯಿಂದಲೇ ತಾಯಿತಂದೆ ಆ ಮೇಜಿನ ಸುತ್ತ ಕೂರಬೇಕಾದವರು. ಮೊದಲ ಸೇವೆ ಶುರುವಾಗುವುದಕ್ಕೆ ಅವರ ಲಿಖಿತ ಒಪ್ಪಿಗೆ ಬೇಕು, ಯೋಜನೆಯ ಪ್ರತಿ ಅವರ ಕೈಗೆ ಬರಬೇಕು, ತಕರಾರಿದ್ದರೆ ವಿಚಾರಣೆ ಕೇಳಬಹುದು. ಕರ್ನಾಟಕದ ಹಳ್ಳಿಯಲ್ಲಿ ಕನ್ನಡತಿಗೆ ಇಂಗ್ಲಿಷ್ ಹಾಳೆ, ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಬಲ್ಲವಳಿಗೆ ಕನ್ನಡದ ದುಭಾಷಿ!

ಹಾಗೆಂದು ಅಲ್ಲಿಯದು ರಾಮರಾಜ್ಯವೇನಲ್ಲ. ಏಮಿ ರೌಲಿ ಎಂಬ ಕಿವುಡ ಬಾಲಕಿಗೆ ತರಗತಿಯಲ್ಲಿ ಸಂಜ್ಞಾಭಾಷೆಯ ದುಭಾಷಿ ಬೇಕೆಂದು ತಾವೂ ಕಿವುಡರೇ ಆಗಿದ್ದ ತಂದೆತಾಯಿ ಹೂಡಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1982ರಲ್ಲಿ ಅವರು ಅಲ್ಲಿ ಸೋತರು. 2005ರಲ್ಲಿ ಅದೇ ಕೋರ್ಟು, ವಿಚಾರಣೆ ಕೇಳಿದವರೇ ಯೋಜನೆ ಸರಿಯಿಲ್ಲವೆಂದು ಸಾಬೀತು ಮಾಡಬೇಕು ಎಂದಿತು. ಕೇಳುವವರು ಬಹುಪಾಲು ತಂದೆತಾಯಿಯೇ. ವಕೀಲರಿಗೆ ದುಡ್ಡಿದ್ದವರ ಮಾತು ಅಲ್ಲಿಯೂ ಹೆಚ್ಚು ಓಡುತ್ತದೆ. ಆದರೂ ಸೋಲುವುದಕ್ಕಾದರೂ ಒಂದು ಜಾಗ ಅಲ್ಲಿದೆ.

ನಮ್ಮಲ್ಲಿ ಜಾಗವೇ ಇಲ್ಲವೆಂದರೆ ಪೂರ್ತಿ ನಿಜವಾಗದು. ಒಂದು ಬಾಗಿಲು ಅರೆ ತೆರೆದಿದೆ, ಯಾರೂ ತಳ್ಳಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ, ಅಂದರೆ ನಮ್ಮ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪಾಲಕರಿರಬೇಕು. ಅವಕಾಶವಂಚಿತ ಮಕ್ಕಳ ಪಾಲಕರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. 2012ರ ತಿದ್ದುಪಡಿ ಅಂಗವಿಕಲ ಮಕ್ಕಳನ್ನು ಆ ಗುಂಪಿಗೆ ಸೇರಿಸಿತು. ಎರಡನ್ನೂ ಸೇರಿಸಿ ಓದಿದರೆ ಈ ತಾಯಿಯಂಥವರ ಹೆಸರು ಸಮಿತಿಯಲ್ಲಿರಬೇಕು. ನಾನು ಹೋದ ಶಾಲೆಗಳಲ್ಲಿ ಕೇಳಿದಾಗ ಮುಖ್ಯೋಪಾಧ್ಯಾಯರು ಪರಿಶಿಷ್ಟರು, ಮಹಿಳೆಯರು, ಅಲ್ಪಸಂಖ್ಯಾತರು ಎಂದು ಬೆರಳು ಮಡಚಿ ಎಣಿಸಿದರು. ಅಂಗವಿಕಲ ಮಕ್ಕಳ ಪಾಲಕರು ಎಂದು ಬೆರಳು ಮಡಚಿದವರನ್ನು ನಾನು ಕಂಡಿಲ್ಲ. ಅದೇ ತಿದ್ದುಪಡಿ ತೀವ್ರ ಮತ್ತು ಬಹುವಿಧ ಅಂಗವಿಕಲತೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವನ್ನು ಆರಿಸಿಕೊಳ್ಳುವ ಹಕ್ಕು ಕೊಟ್ಟಿತು. ಹಾಳೆಯ ಮೇಲೆ ಆಯ್ಕೆ ಪಾಲಕರದು. ನಡೆಯುವುದು ಹೀಗೆ: "ನಿಮ್ಮ ಮಗು ಇಲ್ಲಿ ಹೊಂದಿಕೊಳ್ಳೋದು ಕಷ್ಟ, ಮನೇಲೇ ಇರಲಿ, ನಾವೇ ಬರ್ತೀವಿ." ಆಮೇಲೆ ಆ ಮೇಷ್ಟ್ರ ಬೈಕಿಗೆ ಎಷ್ಟು ಊರು ಮುಟ್ಟುತ್ತದೋ ಅಷ್ಟು. ಪ್ರಾಥಮಿಕದಲ್ಲಿ ಅಂಗವಿಕಲತೆಯುಳ್ಳ 10 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ನಮ್ಮ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. ಆ ಲೆಕ್ಕ ಎಂದು ತುಂಬೀತೋ!

ಪಾಲಕರ ತಿಳಿವಳಿಕೆಯನ್ನೇ ನೆಲಗಟ್ಟಾಗಿ ಮಾಡಿಕೊಂಡವರೂ ನಮ್ಮಲ್ಲಿದ್ದಾರೆ. ಮೈಸೂರಿನಲ್ಲಿ ಕಿವುಡ ಮಕ್ಕಳ ಪೋಷಕರ ಸಂಘದ ಶಾಲೆಯಲ್ಲಿ ಮಗುವಿನ ಜೊತೆ ತಾಯಿಯೂ ತರಗತಿಯಲ್ಲಿ ಕೂರುತ್ತಾಳೆ, ಕಲಿಸುವುದನ್ನು ಕಲಿಯುತ್ತಾಳೆ. ಅದೇ ಊರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್‌ನ ಶಾಲಾಪೂರ್ವ ಕೇಂದ್ರದ ರೀತಿಯೂ ಹೆಚ್ಚುಕಡಿಮೆ ಇದೇ. ಅಲ್ಲಿ ತಾಯಿಗೂ ಟೀಚರಿಗೂ ನಡುವೆ ಸಹಿಯ ಹಾಳೆ ಇರುವುದಿಲ್ಲ; ಮಗು ಒಂದು ಸದ್ದು ತೆಗೆದರೆ ಅದು ಏನೆಂದು ಟೀಚರ್ ತಾಯಿಯ ಮುಖ ನೋಡುತ್ತಾರೆ. ಆದರೆ ಇದರ ಬೆಲೆಯನ್ನೂ ಹೇಳಬೇಕು. ದೂರದ ಊರಿನವಳು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು, ಇದ್ದ ಕೆಲಸ ಬಿಟ್ಟು, ಇನ್ನೊಂದು ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿರುತ್ತಾಳೆ. ಅಪ್ಪ ಹಬ್ಬಕ್ಕೆ ಬರುತ್ತಾನೆ. ಪಾಲಕ ಎಂದು ನಾವು ಬರೆಯುವ ಕಡೆಯಲ್ಲೆಲ್ಲ ತಾಯಿ ಎಂದೇ ಓದಿಕೊಳ್ಳಬೇಕು.

ಬೆಂಗಳೂರಿನ ಖಾಸಗಿ ಶಾಲೆಗಳದು ಬೇರೆಯೇ ನಾಟಕ. ಅಲ್ಲಿ ಪಾಲಕರ ಪಾಲೆಂದರೆ ಶ್ಯಾಡೋ ಟೀಚರ್. ಮಗು ತರಗತಿಯಲ್ಲಿ ಕೂರಬೇಕಾದರೆ ಪಕ್ಕದಲ್ಲೊಬ್ಬರನ್ನು ನೀವೇ ಹುಡುಕಿ, ಸಂಬಳವನ್ನೂ ನೀವೇ ಕೊಡಿ ಎಂಬ ಷರತ್ತು. ಫೀಜು ಇದ್ದೇ ಇದೆ.

ಪಾಲಕರೆಲ್ಲ ಸಂತರಲ್ಲ. "ಹೊಡೆದಾದರೂ ಕಲಿಸಿ" ಅನ್ನುವ ಅಪ್ಪಂದಿರನ್ನೂ, ಮನೆಗೆ ನೆಂಟರು ಬಂದರೆ ಮಗುವನ್ನು ಒಳಕೋಣೆಗೆ ಸೇರಿಸುವವರನ್ನೂ, ಮಗುವಿಗೆ ತುತ್ತೆತ್ತಿ ತಿನ್ನಲು ಬಾರದಿದ್ದರೂ ಇಂಗ್ಲಿಷ್ ಅಕ್ಷರಮಾಲೆಯೇ ಬೇಕೆಂದು ಹಟ ಹಿಡಿಯುವವರನ್ನೂ ಕಂಡಿದ್ದೇನೆ. ಅಂಥ ಕಡೆ ಶಾಲೆ ಮಗುವಿನ ಪಕ್ಷ ವಹಿಸಿ ಪಾಲಕರನ್ನು ಎದುರು ಹಾಕಿಕೊಳ್ಳಲೇಬೇಕಾಗುತ್ತದೆ. ಜಗಳವಾಗಲಿ. ಜಗಳವಾಡುವುದಕ್ಕೂ ಇಬ್ಬರೂ ಬಾಯಿ ಬಿಡಬೇಕಲ್ಲ. ಸಹಿ ಹಾಕಿಸಿಕೊಳ್ಳುವ ಐದು ನಿಮಿಷದಲ್ಲಿ ಅದಕ್ಕೂ ಎಡೆಯಿಲ್ಲ.

ಮಳೆಗಾಲ ಕಳೆದ ಮೇಲೆ ಅದೇ ಶಾಲೆಗೆ ಮತ್ತೆ ಹೋಗಿದ್ದೆ. ಗೇಟಿನಲ್ಲಿ ಕೇಳಿದ್ದನ್ನು ಅವತ್ತೇ ತರಗತಿಯ ಅಕ್ಕೋರಿಗೆ ಹೇಳಿ ಬಂದಿದ್ದೆ. ಈಗ ಆ ಹುಡುಗ ತೊಡೆ ಬಡಿದುಕೊಂಡರೆ ಅಕ್ಕೋರಿಗಿಂತ ಮೊದಲು ಪಕ್ಕದ ಹುಡುಗನೇ ಎದ್ದು ಅವನ ಕೈ ಹಿಡಿದು ಕರೆದೊಯ್ಯುತ್ತಾನೆ. ಕಪಾಟಿನಿಂದ ಫೈಲು ತೆಗೆಸಿ ನೋಡಿದೆ. ಹತ್ತರವರೆಗಿನ ಎಣಿಕೆ ಹಾಗೇ ಇತ್ತು. ಕೆಳಗೆ ತಾಯಿಯ ಸಹಿ. ಸಂವಹನ ಕೌಶಲ: ಇಲ್ಲ.